ಗೋಡೆಯಾಚೆಗೆ ಒಂದು ಕೆಂಡ

ಆ ಬೆಳಿಗ್ಗೆ ನನ್ನ ಅಂಗಳದಲ್ಲಿ ಐದು ಜನ ಇದ್ದೆವು. ನಾನು, ಲಗೇಜ್ ಆಟೋ ತಂದವನು, ಅವನ ಜೊತೆ ಬಂದ ಇಬ್ಬರು ಹಮಾಲರು, ಮತ್ತೆ ಪಕ್ಕದ ಮನೆಯ ಅಮ್ಮ. ಅಮ್ಮನವರು ಅಂಗಳದ ಒಳಗಿರಲಿಲ್ಲ. ಎರಡು ಮನೆಗಳ ನಡುವಿನ ಗೋಡೆಯ ಆಚೆ ಏನನ್ನೋ ಹತ್ತಿ ನಿಂತಿದ್ದರು, ಮುಖವಷ್ಟೇ ಕಾಣಿಸುತ್ತಿತ್ತು. ಅವರನ್ನೂ ಸೇರಿಸಿ ಐದು ಎನ್ನುತ್ತಿದ್ದೇನೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಅಷ್ಟು ಜನ ಆ ಅಂಗಳದಲ್ಲಿ ಕೂಡಿದ್ದು ಅದೇ ಮೊದಲಾದ್ದರಿಂದ ಒಬ್ಬರನ್ನು ಬಿಡಲು ಮನಸ್ಸಾಗುವುದಿಲ್ಲ.

ಹಮಾಲರು ಇಳಿಸುತ್ತಿದ್ದದ್ದು ಒಂದು ಒಲೆ. ದಪ್ಪ ಪಿಂಗಾಣಿಯದು, ಹಸಿರು ಬಣ್ಣ, ದೊಡ್ಡ ತತ್ತಿಯೊಂದನ್ನು ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿದಂತೆ ಇತ್ತು. ಕೆಳಗೊಂದು ಗಾಳಿಕಿಂಡಿ, ನೆತ್ತಿಯ ಮೇಲೊಂದು ಗಾಳಿಕಿಂಡಿ, ನಡುವೆ ಇದ್ದಿಲು ತುಂಬುವ ಹೊಟ್ಟೆ.

"ಏನ್ ಸಾರ್ ಇದು, ನೀರಿನ ಫಿಲ್ಟರಾ?" ಎಂದ ಆಟೋದವನು.

"ಒಲಿ."

"ಇಷ್ಟ ದೊಡ್ಡ ಒಲಿನಾ? ಮನ್ಯಾಗ ಎಷ್ಟ ಮಂದಿ ಅದೀರಿ ಸಾರ್?"

"ಒಬ್ಬನ."

ಅವನು ಹಮಾಲರ ಮುಖ ನೋಡಿದ. ಅವರಲ್ಲಿ ಹಿರಿಯ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಎತ್ತಾಕ ನಾಕ ಮಂದಿ ಬೇಕು, ಉಣ್ಣಾಕ ಒಬ್ಬ. ಪುಣ್ಯಾ ಮಾಡೀರಿ ಬಿಡ್ರಿ" ಎಂದ. ಗೋಡೆಯಾಚೆ ಅಮ್ಮ ನಕ್ಕದ್ದು ಕೇಳಿಸಿತು. ಪಕ್ಕಪಕ್ಕದಲ್ಲಿದ್ದು ನಾಲ್ಕು ವರ್ಷವಾಗಿತ್ತು, ಅವರು ನಗುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಒಲೆ ನಾನು ಕೊಂಡದ್ದಲ್ಲ. ನಾನು ಕುಡತಿನಿಯ ಕಡೆ ವಿದ್ಯುತ್ ಸ್ಥಾವರದಲ್ಲಿ ದುಡಿದವನು, ಅದೂ ಬೂದಿ ತೆಗೆಯುವ ಕಡೆ. ಅಲ್ಲಿ ನನ್ನ ಮೇಲಿದ್ದ ಅಧಿಕಾರಿಯೊಬ್ಬರು ಉತ್ತರದ ಕಡೆಗೆ ವರ್ಗವಾಗಿ ಹೋಗುವಾಗ, "ಇದನ್ನ ಹೊತ್ಕೊಂಡು ಎಲ್ಲಿ ತಿರುಗಲಿ, ಬೂದಿಯ ವಿಚಾರ ನಿಮಗೇ ಚೆನ್ನಾಗಿ ಗೊತ್ತು, ನೀವೇ ಇಟ್ಕೊಳ್ಳಿ" ಎಂದು ಕಳಿಸಿಕೊಟ್ಟರು. ಬೂದಿಯ ವಿಚಾರ ನನಗೆ ಗೊತ್ತು ಎಂದು ನಾನೂ ನಂಬಿದ್ದೆ.

ನಾನು ಹುಟ್ಟಿ ಬೆಳೆದದ್ದು ಕುರುಗೋಡಿನ ಕೆಳಗಿನ ಓಣಿಯಲ್ಲಿ, ಅಜ್ಜಿಯ ಮಡಿಲಲ್ಲಿ. ನನ್ನ ಬಾಯಲ್ಲಿರುವ ಮಾತೆಲ್ಲ ಅವಳದೇ. ಕಡ್ಡಿಪೆಟ್ಟಿಗೆಯನ್ನು ಬಂಗಾರದಂತೆ ಕಾಯುವ ಕಾಲ. ಮನೆಯ ಬೆಂಕಿ ಆರಿದರೆ ಅಜ್ಜಿ ಒಡೆದ ಗಡಿಗೆಯ ಬೋಕಿಯಲ್ಲಿ ಒಂದು ಹಿಡಿ ಬೂದಿ ಹಾಸಿಕೊಂಡು ಮೇಲಿನ ಓಣಿಗೆ ಹೋಗುತ್ತಿದ್ದಳು, ನಾನು ಅವಳ ಸೆರಗು ಹಿಡಿದು ಹಿಂದೆ. ಕಟ್ಟೆಯ ಕೆಳಗೆ ನಿಂತು ಕೂಗಬೇಕು. ಒಳಗಿನಿಂದ ಒಬ್ಬ ಹೆಂಗಸು ಚಿಮಟದಲ್ಲಿ ಕೆಂಡ ಹಿಡಿದು ಬಂದು ಕಟ್ಟೆಯ ಮೇಲಿಂದಲೇ ಬೋಕಿಗೆ ಬಿಡುತ್ತಿದ್ದಳು. ಬೋಕಿಗೆ ಚಿಮಟ ತಾಗಬಾರದು, ಹಾಗಾಗಿ ಎತ್ತರದಿಂದ ಬಿಡುವುದು. ಕಿಡಿ ಸಿಡಿದು ಅಜ್ಜಿಯ ಮುಂಗೈಯಲ್ಲಿ ಸಣ್ಣ ಸಣ್ಣ ಕಲೆಗಳಾಗಿದ್ದವು.

ಹೀಗೆ ಕೇಳಲು ಹೋಗುವುದು ತಪ್ಪಲಿ ಎಂದೇ ಅವಳು ರಾತ್ರಿ ಮಲಗುವ ಮುಂಚೆ ಒಲೆಯ ಕೆಂಡವನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿ ಬೂದಿ ಹೊಚ್ಚುತ್ತಿದ್ದಳು. "ಮಲಕ್ಕೋಪಾ ನನ್ನಪ್ಪ" ಎಂದು ಬೆಂಕಿಗೆ ಹೇಳುತ್ತಿದ್ದಳು. ನಸುಕಿನಲ್ಲಿ ಬೂದಿ ಸರಿಸಿದರೆ ಒಳಗೆ ಕೆಂಪು. ಮನೆಗೆ ಬೇಕಾದ್ದಕ್ಕಿಂತ ನಾಲ್ಕು ಕೆಂಡ ಹೆಚ್ಚಿಗೇ ಇರುತ್ತಿದ್ದವು. ಯಾಕಬೇ ಇಷ್ಟು ಎಂದರೆ, "ಇರಲೇಳು. ನಮ್ಮ ಕಡೇಕೂ ಯಾರರ ಕೇಳಾಕ ಬಂದ್ರ, ಇಲ್ಲ ಅನ್ನೂದು ಚಲೋ ಕಾಣತೈತೇನು?" ಎನ್ನುತ್ತಿದ್ದಳು. ಅವಳು ಇರುವ ತನಕ ಮೇಲಿನ ಓಣಿಯಿಂದ ಯಾರೂ ಬರಲಿಲ್ಲ.

ಈಗ ಬಳ್ಳಾರಿಯ ನನ್ನ ಬಡಾವಣೆಗೆ ಬರುತ್ತೇನೆ. ನಾವು ಮನೆ ಕಟ್ಟಿ ಬಂದಾಗ ಹಾಲು ಉಕ್ಕಿಸಲು ಅಕ್ಕಪಕ್ಕದವರನ್ನೆಲ್ಲ ಕರೆದಿದ್ದೆವು. ಕೆಲವರು ಬಂದು ಗೋಡೆಯ ಮೇಲಿನ ಬುದ್ಧನ ಪಟ ನೋಡಿ, ಅವಸರ ಐತ್ರಿ ಎಂದು ಪಾನಕವನ್ನಷ್ಟೇ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದು, ಬಾಯಿಗೆ ಮುಟ್ಟಿಸದೆ ಹೋದರು. ಜಗಳವಿಲ್ಲ, ಕೆಟ್ಟ ಮಾತಿಲ್ಲ. ಎದುರಾದರೆ ನಮಸ್ಕಾರ ಸರ್, ಅಷ್ಟೇ. ಹೆಂಡತಿ ಇರುವ ತನಕ ಅದು ಅಷ್ಟಾಗಿ ಕಾಣಲಿಲ್ಲ, ಅವಳು ಸಿರಿಗೇರಿಯವಳು, ಒಬ್ಬಳೇ ಹತ್ತು ಜನರಷ್ಟು ಮಾತಾಡುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಅವಳು ಹೋದ ಮೇಲೆ ಕೆಲವು ದಿನ ಸಂಜೆಯ ತನಕ ನನ್ನ ದನಿ ನಾನೇ ಕೇಳದೆ ಇರುತ್ತಿದ್ದೆ.

ಪಕ್ಕದ ಮನೆಯವರು ಹಳೆಯ ಬಳ್ಳಾರಿಯವರು, ಹತ್ತಿಯ ವ್ಯಾಪಾರ. ಅಮ್ಮನವರ ಹಣೆಯ ಮೇಲೆ ಬೆಳಿಗ್ಗೆ ಆರಕ್ಕೆಲ್ಲ ಮೂರು ಬೆರಳಿನ ವಿಭೂತಿ. ಒಲೆ ಬಂದ ಮುಂದಿನ ತಿಂಗಳು ಅವರ ಮಗಳು ಸಿರುಗುಪ್ಪದ ಗಂಡನ ಮನೆಯಿಂದ ಹೆರಿಗೆಗೆ ಬಂದಳು, ಹೆಣ್ಣು ಕೂಸಾಯಿತು. ಕೂಸಿಗೆ ನೀರೆರೆದ ಮೇಲೆ ಲೋಬಾನದ ಹೊಗೆ ಹಾಕಲು ಕೆಂಡ ಬೇಕು. ಅವರ ಮನೆಯಲ್ಲಿ ಗ್ಯಾಸು ಬಿಟ್ಟರೆ ಬೇರೆ ಬೆಂಕಿಯಿಲ್ಲ. ಗ್ಯಾಸಿನ ಮೇಲೆ ಇದ್ದಿಲು ಇಟ್ಟು ಮನೆ ತುಂಬ ಕಿಡಿ ಹಾರಿಸಿಕೊಂಡ ಗಲಾಟೆ ನನಗೆ ಕೇಳಿಸುತ್ತಿತ್ತು. ಒಂದು ಭಾನುವಾರ ನಾನು ಬದನೆಕಾಯಿ ಸುಡಲು ಒಲೆ ಹೊತ್ತಿಸಿದ್ದೆ. ಗೋಡೆಯ ಮೇಲೆ ಮುಖ ಕಾಣಿಸಿತು.

"ಸರ್, ಅದ್ರಾಗ ಕೋಳಿ ಗೀಳಿ ಸುಡತೀರೇನ್ರಿ?"

"ಸಾಹೇಬ್ರು ಸುಡತಿದ್ರಂತ್ರಿ ಅಮ್ಮಾರ. ನನ್ನ ಕೈಗೆ ಬಂದ ಮ್ಯಾಲೆ ಬರೇ ಬದ್ನಿಕಾಯಿ, ಮೆಕ್ಕೆತೆನಿ. ಒಬ್ಬವ ಒಂದ ಕೋಳಿ ಏನ್ ತಿನ್ನಲಿ?"

ಅವರು ಒಲೆಯ ಕಡೆ ಇಣುಕಿದರು. "ಇರಲಿ ಬಿಡ್ರಿ, ಬೆಂಕ್ಯಾಗ ಹೋಗಿದ್ದು ಹೋಗೇತಿ. ಕೂಸಿಗೆ ಎರಡ ಕೆಂಡ ಕೊಡ್ರಿ" ಎಂದು ಹಿತ್ತಾಳೆಯ ಧೂಪಾರತಿಯನ್ನು ಗೋಡೆಯ ಮೇಲಿಂದ ಚಾಚಿದರು.

ನಾನು ಚಿಮಟದಲ್ಲಿ ಕೆಂಡ ಹಿಡಿದು ತಂದೆ. ಗೋಡೆ ಎತ್ತರ, ಕೈ ಮೇಲೆತ್ತಿ ಧೂಪಾರತಿಗೆ ಬಿಡಬೇಕು. ಬಿಡುವಾಗ ನನಗೆ ಅಜ್ಜಿಯ ಮುಂಗೈ ನೆನಪಾಯಿತು. ಚಿಮಟವನ್ನು ಹಿತ್ತಾಳೆಗೆ ತಾಗಿಸಿ ಮೆಲ್ಲಗೆ ಇಳಿಸಿದೆ, ಒಂದು ಕಿಡಿಯೂ ಸಿಡಿಯದಂತೆ. ತಾಗಿದ್ದನ್ನು ನೋಡಿಯೂ ಅವರು ಧೂಪಾರತಿಯನ್ನು ಹಾಗೇ ಹಿಡಿದಿದ್ದರು.

"ನಾಳೀನೂ ಇರತೈತೇನ್ರಿ? ಎಂಟಕ್ಕ ನೀರ್ ಎರೀತೀವಿ."

"ಇರತೈತ್ರಿ."

ಬೆಳಿಗ್ಗೆ ಏಳಕ್ಕೆ ಹೊಸದಾಗಿ ಹೊತ್ತಿಸಬಹುದಿತ್ತು, ಯಾರಾದರೂ ಹಾಗೇ ಮಾಡುತ್ತಾರೆ. ನನಗದು ಒಪ್ಪಲಿಲ್ಲ. ಕೇಳುವ ಹೊತ್ತಿಗೆ ಮನೆಯಲ್ಲಿ ಕೆಂಡ ಇರಬೇಕು. ಆ ಸಂಜೆಯಿಂದ ನಾನು ಅಜ್ಜಿಯ ಹಾಗೆ ಇದ್ದಿಲ ಮೇಲೆ ಬೂದಿ ಹೊಚ್ಚಿ, ಮುಚ್ಚಳ ಹಾಕಿ, ಕಿಂಡಿಗಳನ್ನು ಒಂಚೂರು ತೆರೆದಿಟ್ಟು ಮಲಗತೊಡಗಿದೆ. ಮಲಕ್ಕೋಪಾ ಎಂದೂ ಹೇಳುತ್ತಿದ್ದೆ, ಸುಳ್ಳೇಕೆ. ಇದ್ದಿಲು ಸಿರಿಗೇರಿಯ ಕಡೆಯ ಜಾಲಿಯದು, ಇಸ್ತ್ರಿಯವರು ಒಯ್ಯುವಂಥದು, ಗಟ್ಟಿ. ಐದು ಬೆಳಿಗ್ಗೆ ಕೆಂಡ ಸಿಕ್ಕಿತು. ಐದು ಬೆಳಿಗ್ಗೆ ಗೋಡೆಯ ಮೇಲೆ ಎರಡೆರಡು ಮಾತು. ಕೂಸು ರಾತ್ರಿ ಮಲಗಲಿಲ್ಲ, ಕೂಸು ಅಜ್ಜನ ಅಂಗಿಯ ಮೇಲೆ ಉಚ್ಚೆ ಹೊಯ್ದಿತು, ಇಂಥವು. ಎಂಟು ಗಂಟೆಗೆ ನಾನು ಇಸ್ತ್ರಿಯ ಅಂಗಿ ಹಾಕಿಕೊಂಡು ನಿಂತಿರುತ್ತಿದ್ದೆ.

ಐದನೆಯ ದಿನ ಸಿರುಗುಪ್ಪದಿಂದ ಅವರ ಬೀಗರು ಬಂದಿದ್ದರು. ಗೇಟಿನ ಹತ್ತಿರ ನಿಂತು, ನೀವ ಏನ್ರಿ ಕೆಂಡದ ಸರ್ರು ಎಂದು ಮಾತಿಗೆಳೆದರು. ಊರು ಕೇಳಿದರು, ಹೇಳಿದೆ. "ಕುರುಗೋಡಾಗ ಯಾವ ಓಣಿ ಬಂತ್ರಿ ನಿಮ್ಮದು?" ಆ ಪ್ರಶ್ನೆಯನ್ನು ನಾನು ಜೀವಮಾನವಿಡೀ ಕೇಳುತ್ತ ಬಂದವನು. ಅದನ್ನೂ ಹೇಳಿದೆ. ಅವರು ಹ್ಞೂಂ ಎಂದರು, ಬಿಸಿಲು ಬಾಳ ಆತ್ರಿ ಎಂದು ಒಳಗೆ ಹೋದರು.

ಆರನೆಯ ಬೆಳಿಗ್ಗೆ ಮುಚ್ಚಳ ಎತ್ತಿದರೆ ಒಲೆ ತಣ್ಣಗಿತ್ತು. ಬೂದಿ ಸರಿಸಿದೆ, ಕೆಳಗೆ ಕರಿ ಇದ್ದಿಲು. ಗೋಡೆಯಾಚೆ ಅಮ್ಮ ಧೂಪಾರತಿ ಹಿಡಿದು ನಿಂತಿದ್ದರು, ಒಳಗೆ ಒದ್ದೆ ಕೂಸು ಅಳುತ್ತಿತ್ತು. "ಐದ ನಿಮಿಷ ತಡೀರಿ, ಪೇಪರ್ ಹಾಕಿ ಹೊತ್ತಸ್ತೀನಿ" ಎಂದೆ. ಅವರು "ಇರಲಿ ಬಿಡ್ರಿ ಸರ್" ಎಂದು ಇಳಿದು ಹೋದರು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೂಸಿನ ಅಳುವೂ ಕೇಳಿಸಲಿಲ್ಲ, ಆ ಕಡೆಯ ಕಿಟಕಿ ಮುಚ್ಚಿತ್ತು. ಕೆಂಡ ಆರಿದ್ದಕ್ಕೆ ಬರಲಿಲ್ಲವೋ, ಬೀಗರು ಒಳಗೆ ಹೋಗಿ ಹೇಳಿದ್ದಕ್ಕೆ ಬರಲಿಲ್ಲವೋ. ಹೋಗಿ ಬಾಗಿಲು ಬಡಿದು ಕೇಳಬಹುದಿತ್ತು. ಕಾಲು ಬರಲಿಲ್ಲ. ಎರಡನೆಯದೇ ನಿಜ ಎಂದು ಒಳಗೆ ತೀರ್ಮಾನಿಸಿಬಿಟ್ಟಿದ್ದೆ, ಆದರೂ ಮೊದಲನೆಯದನ್ನಾದರೂ ಸರಿ ಮಾಡೋಣ ಎಂದು ಒಲೆಯ ಮುಂದೆ ಕೂತೆ.

ಕೆಳಗಿನ ಕಿಂಡಿಯಿಂದ ಸಲಾಕೆ ಹಾಕಿ ಎಳೆದರೆ ಬೂದಿ, ಬರೀ ಬೂದಿ. ನಾನು ದಿನವೂ ಹೊಚ್ಚಿದ್ದೆಲ್ಲ ಇದ್ದಿಲು ಕೂರುವ ಕಬ್ಬಿಣದ ಜಾಳಿಗೆಯ ತೂತುಗಳಲ್ಲಿ ಇಳಿದು ಕೆಳಗೆ ತುಂಬಿ, ಗಾಳಿ ಬರುವ ದಾರಿಯನ್ನೇ ಕಟ್ಟಿಹಾಕಿತ್ತು. ಅಜ್ಜಿಯ ಒಲೆ ಮೂರು ಕಲ್ಲಿನದು, ಅದಕ್ಕೆ ಗಾಳಿ ಎಲ್ಲ ಕಡೆಯಿಂದಲೂ ಬರುತ್ತಿತ್ತು, ಬೂದಿ ಅದನ್ನು ತಡೆದು ಕೆಂಡವನ್ನು ಉಳಿಸುತ್ತಿತ್ತು. ಇದು ಮುಚ್ಚಿದ ಹೊಟ್ಟೆಯ ಒಲೆ, ಉಸಿರೆಳೆಯಲು ಕೆಳಗೆ ಒಂದೇ ಮೂಗು. ಅದಕ್ಕೇ ಬೂದಿ ಮೆತ್ತಿದರೆ ಏನಾಗುತ್ತದೆ? ವರ್ಷಗಟ್ಟಲೆ ಹಗಲೂ ರಾತ್ರಿ ಬೂದಿ ತೆಗೆಸುತ್ತ ಹೊಸ ಹುಡುಗರಿಗೆ ನಾನು ಹೇಳಿಕೊಟ್ಟದ್ದೇ ಅದು, ಕೆಳಗೆ ಬೂದಿ ನಿಂತರೆ ಮೇಲೆ ಬೆಂಕಿ ನಿಲ್ಲುವುದಿಲ್ಲ ಅಂತ. ಮನೆಗೆ ಬಂದವನು ನೌಕರಿಯ ಪಾಠ ಮರೆತು ಅಜ್ಜಿಯ ಪಾಠ ಹಿಡಿದಿದ್ದೆ. ಒಬ್ಬನೇ ನಕ್ಕೆ. ಹೇಳಿಕೊಂಡು ನಗಲು ಹೆಂಡತಿ ಇರಬೇಕಿತ್ತು.

ಕಲಿಯಲು ನಾಲ್ಕು ದಿನ ಹಿಡಿಯಿತು. ಮೊದಲ ದಿನ ಆರಿದೆ ಎಂದುಕೊಂಡು ಬೂದಿಯನ್ನು ಪ್ಲಾಸ್ಟಿಕ್ ಬುಟ್ಟಿಗೆ ಸುರಿದೆ, ಬುಟ್ಟಿಯ ತಳ ಕರಗಿ ನೆಲಕ್ಕೆ ಅಂಟಿತು. ಆಮೇಲೆ ಕಬ್ಬಿಣದ ಬುಟ್ಟಿ ತಂದೆ. ಎರಡನೆಯ ದಿನ ಕಿಂಡಿ ಮುಚ್ಚಿಟ್ಟ ಬಿಸಿ ಒಲೆಯ ಮುಚ್ಚಳವನ್ನು ಒಮ್ಮೆಲೇ ಎತ್ತಿದೆ. ಗಾಳಿಗೆ ಹಸಿದಿದ್ದ ಬೆಂಕಿ ಭುಗ್ ಎಂದು ಮುಖಕ್ಕೆ ಬಂದು ಎಡಗಡೆಯ ಹುಬ್ಬನ್ನು ಒಯ್ದಿತು. ಮೊದಲು ಒಂದು ಬೆರಳಷ್ಟು ಎತ್ತಿ, ಉಸಿರಾಡಲು ಬಿಟ್ಟು, ಆಮೇಲೆ ಪೂರ್ತಿ ತೆರೆಯಬೇಕು. ಸಂಜೆಯ ಹೊತ್ತಿಗೆ ಕೆಳಗಿನ ಬೂದಿ ತೆಗೆದು, ಜಾಳಿಗೆಯ ತೂತುಗಳನ್ನು ತಂತಿಯಿಂದ ಬಿಡಿಸಿ, ದಪ್ಪ ಇದ್ದಿಲು ಕೆಳಗೆ ಸಣ್ಣದು ಮೇಲೆ ಜೋಡಿಸಿ, ಒಂದು ಕಡೆ ಹೊತ್ತಿಸಿ, ಕೆಳಕಿಂಡಿಯನ್ನು ಕಿರುಬೆರಳಿಗಿಂತ ಕಡಿಮೆ ತೆರೆದು, ಮೇಲ್ಕಿಂಡಿಯಲ್ಲಿ ಎಳೆಯಷ್ಟು ಸಂದಿ ಇಟ್ಟರೆ ರಾತ್ರಿಯಿಡೀ ಒಂದೇ ಸಮ ಕಾಯುತ್ತದೆ.

ಐದನೆಯ ಬೆಳಿಗ್ಗೆಯಿಂದ ಎಂಟು ಗಂಟೆಗೆ ಸರಿಯಾಗಿ ಕೆಂಡ ಇರುತ್ತಿತ್ತು. ಕೇಳುವವರು ಇರಲಿಲ್ಲ. ಸುಮ್ಮನೆ ಹಾಳಾಗುತ್ತದಲ್ಲ ಎಂದು ಅದರ ಮೇಲೆ ಒಂದು ಬದನೆಕಾಯಿ ಸುಟ್ಟು, ಅಂಗಡಿಯ ರೊಟ್ಟಿಯ ಜೊತೆ ನಿಂತೇ ತಿನ್ನುತ್ತಿದ್ದೆ. ನಿಂತ ಜಾಗದಿಂದ ಗೋಡೆ ಕಾಣುತ್ತಿತ್ತು.

ಹತ್ತು ದಿನ ಕಳೆದ ಮೇಲೆ ಗೋಡೆಯ ಮೇಲೆ ಅಮ್ಮನ ಮುಖ ಕಾಣಿಸಿತು. ಇಳಿದುಹೋಗಿತ್ತು.

"ಕೂಸಿಗೆ ಎದಿ ಕಟ್ಟಿತ್ರಿ ಸರ್. ಆಸ್ಪತ್ರ್ಯಾಗ ಇಟ್ಕೊಂಡಿದ್ರು. ಡಾಕ್ಟರಮ್ಮ ಬೈದ್ಲು, ಹೊಗಿ ಹಾಕ್ತೀರೇನ್ರಿ ಹಸೀ ಕೂಸಿಗೆ ಅಂತ. ಈಗ ಆರಾಮದಾಳ. ಇನ್ನ ಕೆಂಡ ಬ್ಯಾಡ್ರಿ."

ಕೂಸು ಆರಾಮಾದದ್ದು ಕೇಳಿ ಉಸಿರು ಬಂತು. ಅದರ ಹಿಂದೆಯೇ, ಇನ್ನು ಬೇಡ ಎಂಬ ಮಾತೂ ಒಳಗೆ ಇಳಿಯಿತು. ಹೇಗೂ ಮುಗಿಯಿತಲ್ಲ, ಕೇಳಿಯೇಬಿಡೋಣ ಅನಿಸಿತು.

"ನಾ ಬ್ಯಾರೆ ತಿಳ್ಕೊಂಡಿದ್ದೆ ಅಮ್ಮಾರ. ಆವತ್ತ ನಿಮ್ಮ ಬೀಗರು ಓಣಿ ಕೇಳಿದ್ರು, ನಾ ಹೇಳಿದ್ದೆ. ಅದಕ್ಕ ಬಿಟ್ರೇನೋ ಅಂತ."

ಅವರು ಗೋಡೆಯ ಮೇಲಿನ ಸುಣ್ಣದ ಚಕ್ಕೆಯನ್ನು ಉಗುರಿನಿಂದ ಕೆರೆದರು. "ಅದ್ಯಾಕ ಹೊಸಾದು? ನೀವು ಬುನಾದಿ ತಗದ ದಿನಾನ ಬಡಾವಣಿಗೆಲ್ಲ ಗೊತ್ತಾತು" ಎಂದರು. ಮತ್ತೆ ನನ್ನ ಮುಖ ನೋಡಿ, "ಹುಬ್ಬಿಗೆ ಏನಾತ್ರಿ?"

ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. "ಒಂದಾರ ಉಳದೈತಲ್ಲ ಬಿಡ್ರಿ."

ಅವತ್ತೇ ಮಧ್ಯಾಹ್ನ ಕೂತು ಯೋಚಿಸಿದೆ. ಗೊತ್ತಿದ್ದೂ ಕೆಂಡ ಒಯ್ದಿದ್ದರು, ಅದು ನಿಜ. ಆದರೆ ಆ ಕೆಂಡ ಹೋದದ್ದು ಬಚ್ಚಲಿನ ತನಕ. ಅವರ ಅಡುಗೆಮನೆಗೂ ಹೋಗಲಿಲ್ಲ, ದೇವರ ಮುಂದೂ ಹೋಗಲಿಲ್ಲ. ಅದನ್ನು ಬಾಯಿಬಿಟ್ಟು ಕೇಳಲು ನನ್ನಿಂದ ಆಗುವಂತಿರಲಿಲ್ಲ.

ಕೂಸಿಗೆ ಐದು ತಿಂಗಳು ತುಂಬಿದಾಗ ಮಗಳನ್ನು ಸಿರುಗುಪ್ಪಕ್ಕೆ ಕಳಿಸಿದರು. ಗೋಡೆಯ ಮೇಲಿನ ಮಾತು ಕಡಿಮೆಯಾಯಿತು. ನಾನು ಸಂಜೆಗೊಮ್ಮೆ ಬೂದಿ ತೆಗೆದು, ಇದ್ದಿಲು ಜೋಡಿಸಿ, ಕಿಂಡಿ ಸರಿಮಾಡಿ ಮಲಗುವುದನ್ನು ಬಿಡಲಿಲ್ಲ. ಇದ್ದಿಲ ಅಂಗಡಿಯವನು ಯಾವ ಹೋಟೆಲ್ ಇಟ್ಟೀರಿ ಸಾರ್ ಎಂದು ಕೇಳಿದ.

ಅದಾದ ಮೇಲೆ ಬಂದ ಒಂದು ಅಮಾವಾಸ್ಯೆಯ ಬೆಳಿಗ್ಗೆ ಗೇಟಿನ ಚಿಲಕ ಸದ್ದಾಯಿತು. ಅಮ್ಮ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಧೂಪಾರತಿ ಹಿಡಿದುಕೊಂಡು ಅಂಗಳದೊಳಕ್ಕೆ ಬಂದರು.

"ಕೆಂಡ ಐತೇನು ತಮ್ಮಾ? ದೇವರ ಮುಂದ ಲೋಬಾನ ಹಾಕಬೇಕು."

ಮುಚ್ಚಳವನ್ನು ಮೊದಲು ಒಂದು ಬೆರಳಷ್ಟು ಎತ್ತಿ ಹಿಡಿದು, ಆಮೇಲೆ ಪೂರ್ತಿ ತೆರೆದೆ. ಅವರು ನನ್ನ ಕೈಯಿಂದ ಚಿಮಟ ತೆಗೆದುಕೊಂಡು ತಾವೇ ಬಗ್ಗಿ ಮೂರು ಕೆಂಡ ಆರಿಸಿಕೊಂಡರು. ಹಾದಿಯಲ್ಲಿ ಬಿದ್ದರೆ ಎತ್ತಿಕೊಳ್ಳಲು ಇರಲಿ ಎಂದು ಚಿಮಟವನ್ನೂ ಒಯ್ದರು. ಅದನ್ನು ವಾಪಸ್ ಕೊಡಲು ಸಂಜೆ ಬಂದಾಗ ಒಲೆಯ ಪಕ್ಕದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತರು.