ಅಣ್ಣನ ‘ಬಾರೋ’

ನಮ್ಮ ಗಾಯಕನಿಗೆ ಮೊದಲಿನಿಂದಲೂ ಒಂದು ರೋಗ: ಕಿವಿಗೆ ಬಿದ್ದದ್ದನ್ನೆಲ್ಲ ಹಾಡು ಮಾಡುವುದು. ಕೆಟ್ಟ ಫ್ಯಾನಿನ ಕಿರಿಕಿರಿಯನ್ನೂ ಬಿಟ್ಟವನಲ್ಲ. ನಾವು ನಾಲ್ವರು ರಾಕ್ ಬ್ಯಾಂಡ್ ಕಟ್ಟಿಕೊಂಡು ಅವನ ಅಣ್ಣನ ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಗಲಾಟೆ ಎಬ್ಬಿಸುತ್ತಿದ್ದೆವು, ಡ್ರಮ್ಸ್ ನನ್ನದು. ಗೋಡೆಗೆ ಹಳೆಯ ಹಾಸಿಗೆ ಒರಗಿಸಿದ್ದರೂ ಕೆಳಗೆ ಕಪಾಟಿನ ಗಾಜು ನಡುಗುತ್ತಿತ್ತು. ಅಣ್ಣ ಒಂದು ದಿನವೂ ಗದರಲಿಲ್ಲ. ಅಪ್ಪ ಹೋದ ಮೇಲೆ ತಮ್ಮನನ್ನು ಸಾಕಿ ಬೆಳೆಸಿದ ಪುಣ್ಯಾತ್ಮ. ಮಾತು ಉಗ್ಗುತ್ತಿತ್ತು, ಅದಕ್ಕೇ ಜಗಳದ ಗೋಜಿಗೆ ಹೋಗುತ್ತಿರಲಿಲ್ಲವೇನೋ.

ಊಟದ ಹೊತ್ತಿಗೆ ಮಾತ್ರ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದ: “ಬ... ಬ... ಬಾರೋ, ಊಟ ಆರಿ ಹೋಗ್ತಿದೆ!”

ಒಂದು ಮಧ್ಯಾಹ್ನ ಆ ಕೂಗು ನನ್ನ ತಾಳಕ್ಕೆ ಸರಿಯಾಗಿ ಬಂದು ಬಿತ್ತು. ಗಾಯಕ ಗಿಟಾರ್ ಎತ್ತಿಕೊಂಡು ಅದನ್ನೇ ತಿರುಗಿ ಹಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಸಂಜೆಯೊಳಗೆ ಹಾಡು ಸಿದ್ಧ: ದೂರವಾದ ಗೆಳೆಯನಿಗೆ ಕರೆ, ನಡುನಡುವೆ ‘ಬ ಬ ಬಾರೋ’.

“ಅಣ್ಣಂಗೆ ಬೇಜಾರಾಗಲ್ವೇನೋ?” ಎಂದೆ.

“ಅವ್ನು ನಮ್ಮಣ್ಣ ಕಣೋ, ಬೇರೆಯವ್ನಾ?”

ಮೊದಲ ಪ್ರದರ್ಶನದಲ್ಲಿ ಅಣ್ಣ ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟಿದ. ಇವನು ಅದನ್ನೇ ಒಪ್ಪಿಗೆ ಎಂದುಕೊಂಡ. ನಮಗೆ ಬೇಕಾದಂತೆ ಅರ್ಥ ಮಾಡಿಕೊಳ್ಳುವುದರಲ್ಲಿ ನಾವೆಲ್ಲ ಜಾಣರೇ.

ಹಾಡು ಎಲ್ಲರ ಬಾಯಿಗೂ ಹತ್ತಿತು. ಅದನ್ನು ಕೇಳಿದ ನಿರ್ದೇಶಕನೊಬ್ಬ ಇವನನ್ನು ಕರೆದು, ನಾಯಕನ ಉಗ್ಗುವ ಗೆಳೆಯನ ಪಾತ್ರ ಕೊಟ್ಟ. ಇವನು ಬಾಯಿ ತೆರೆದರೆ ಸಾಕು, ಚಿತ್ರಮಂದಿರ ನಗೆಯಲ್ಲಿ ಮುಳುಗುತ್ತಿತ್ತು. ಮುಂದೆ ಸಿಕ್ಕ ಪಾತ್ರಗಳೆಲ್ಲ ಅದೇ ಅಚ್ಚಿನವು. ಇಷ್ಟು ಸಹಜವಾಗಿ ಹೇಗೆ ಉಗ್ಗುತ್ತೀರಿ ಎಂದು ಸಂದರ್ಶನದಲ್ಲಿ ಕೇಳಿದರೆ, “ಎಲ್ಲಾ ಅಭ್ಯಾಸ” ಎನ್ನುತ್ತಿದ್ದ ಮಹಾಶಯ. ಆ ವರ್ಷಗಳಲ್ಲಿ ಮನೆಯ ಕಡೆ ತಲೆ ಹಾಕಿದ್ದೇ ಅಪರೂಪ.

ಆಮೇಲೆ ಚಿತ್ರಕಥೆಯ ಅಕ್ಷರಗಳು ಮಂಜಾಗತೊಡಗಿದವು. ಕನ್ನಡಕಕ್ಕೆ ಅಣ್ಣನ ಅಂಗಡಿ ಬಿಟ್ಟು ಬೇರೆಲ್ಲಿ? ನಾನೂ ಜೊತೆಗೆ ಹೋದೆ. ಅಣ್ಣ ನಕ್ಕು ತಮ್ಮನ ಭುಜ ತಟ್ಟಿ ಕುರ್ಚಿಯಲ್ಲಿ ಕೂರಿಸಿದ. ಆಮೇಲೆ ಕೋಲಿನಿಂದ ಗೋಡೆಯ ಹಲಗೆ ತೋರಿಸಿದ. ‘ಬಲಗಣ್ಣು ಮುಚ್ಚಿ’ ಎಂದು ಬರೆದಿತ್ತು. ಪಕ್ಕದಲ್ಲಿ ಇನ್ನೊಂದು, ‘ಈಗ ಓದಿ’. ಪರೀಕ್ಷೆ ಮುಗಿಯಿತು, ಅಣ್ಣನ ಬಾಯಿಂದ ಒಂದು ಮಾತಿಲ್ಲ.

ಹೊರಗೆ ಬಂದಾಗ ಅತ್ತಿಗೆ ದನಿ ತಗ್ಗಿಸಿ ಹೇಳಿದರು: “ಬಾಯಿ ತೆಗೆದ್ರೆ ಗಿರಾಕಿಗಳೇ ಹಾಡೋಕೆ ಶುರು ಮಾಡ್ತಾರಪ್ಪ. ಈಗ ಮನೇಲೂ ಮಾತಿಲ್ಲ. ನನ್ನ ಕರೀಬೇಕಂದ್ರೆ ಚಪ್ಪಾಳೆ ತಟ್ತಾರೆ.”

ಅಂದಿನಿಂದ ಇವನು ಉಗ್ಗುವ ಪಾತ್ರ ಬೇಡವೆಂದ. ಬೇರೆ ಪಾತ್ರ ಯಾರೂ ಕೊಡಲಿಲ್ಲ. ವೇದಿಕೆಯಲ್ಲಿ ಆ ಹಾಡು ಹಾಡುವುದಿಲ್ಲವೆಂದ, ಜನವೇ ಹಾಡಿದರು. ನಾನು ಡ್ರಮ್ಸ್ ಮುಂದೆ ಕೈ ಕಟ್ಟಿ ಕೂತೆ. ಅವರಿಗೆ ನನ್ನ ತಾಳವೂ ಬೇಕಿರಲಿಲ್ಲ.

“ಹಾಡು ಹೋದ್ರೆ ಹೋಗ್ಲಿ, ಅಣ್ಣ ಒಂದ್ಸಲ ಮಾತಾಡಿದ್ರೆ ಸಾಕು ಕಣೋ,” ಎಂದು ಕನ್ನಡಕ ತರುವ ದಿನ ದಾರಿಯುದ್ದಕ್ಕೂ ಗೋಳಾಡಿದ. ಹೇಳಬೇಕಾದ್ದನ್ನು ಸಂಭಾಷಣೆಯಂತೆ ಬಾಯಿಪಾಠ ಮಾಡಿಕೊಂಡಿದ್ದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಣ್ಣ ಕನ್ನಡಕ ಒರೆಸಿ ತಮ್ಮನ ಮೂಗಿನ ಮೇಲಿಟ್ಟು, ಎರಡೂ ಕೈಯಿಂದ ಸರಿ ಮಾಡುತ್ತಿದ್ದ. ಅಷ್ಟು ಹತ್ತಿರ ಅವನ ಮುಖ ಕಂಡದ್ದೇ ಇವನಿಗೆ ಅಳು ಒತ್ತರಿಸಿ ಬಂತು.

“ತ... ತ... ತಪ್ಪಾಯ್ತಣ್ಣ...”

ಅಣ್ಣನ ಕೈ ನಿಂತಿತು. ಮುಖ ಕೆಂಪಾಯಿತು, ತುಟಿ ನಡುಗಿತು. ಎಷ್ಟೋ ಹೊತ್ತು ಹೆಣಗಿ ಮಾತು ಹೊರಗೆ ಬಂತು.

“ನ... ನನ್ ಎದುರಿಗೂ... ಆ... ಆಡ್ಕೋತೀಯಾ?”

ಅಲ್ಲ ಎನ್ನಲು ಇವನು ಬಾಯಿ ತೆರೆದ. “ಅ... ಅ...” ಎಂದಷ್ಟೇ ಬಂತು. ಗಾಬರಿಯಿಂದ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ.