ಹೊಳೆ ದಾಟದ ಪತ್ರಿಕೆಗಳು

ಹೊನ್ನಾವರದ ಧಕ್ಕೆಗೆ ಬಂದಾಗ ಲಾಂಚು ಇನ್ನೂ ಆಚೆ ದಡದಲ್ಲಿತ್ತು. ಬಿಸಿಲಲ್ಲಿ ಕೂರಲೂ ಆಗದೆ, ನಿಲ್ಲಲೂ ಆಗದೆ, ಒಂದು ಪತ್ರಿಕೆಯಾದರೂ ಸಿಗಲೆಂದು ಅಂಗಡಿಗೆ ಹೋದೆ. ಒಂದೂ ಉಳಿದಿರಲಿಲ್ಲ. ಇಡೀ ಕಟ್ಟನ್ನೇ ಕೊಂಡವರನ್ನು ಅಂಗಡಿಯವನು ತೋರಿಸಿದ: ಹೊಳೆಯಾಚೆಯ ಮಂಕಿಯ ಗಿರಣಿ ಕೂಲಿಕಾರರ ಮುಖಂಡರು, ಕಮ್ಯುನಿಸ್ಟರು. ಒಬ್ಬರೇ ಧಕ್ಕೆಯ ಉದ್ದಕ್ಕೂ ಶತಪಥ ಹಾಕುತ್ತಿದ್ದರು. ಕೇಳಿದ್ದಕ್ಕೆ ಕಂಕುಳಿನ ಕಟ್ಟಿನಿಂದ ಒಂದು ಪ್ರತಿ ಎಳೆದುಕೊಟ್ಟರು.

“ಓದಿ. ಗಟ್ಟಿಯಾಗಿ ಮಾತ್ರ ಓದಬೇಡಿ.”

ಒಳಪುಟದಲ್ಲಿ ಸಣ್ಣ ಸುದ್ದಿಯಿತ್ತು. ಕಮ್ಯುನಿಸ್ಟ್ ದೇಶವೊಂದು ಯಂತ್ರ ಕೊಳ್ಳಲು ಲಂಡನ್ನಿನ ಬ್ಯಾಂಕುಗಳಿಂದ ಸಾಲ ತೆಗೆದಿದೆಯಂತೆ.

“ಸುಳ್ಳು ಸುದ್ದಿಯೇ?” ಎಂದೆ.

“ಸುಳ್ಳಾಗಿದ್ರೆ ನಂಗೆಂತ ಚಿಂತೆ? ಮಂಕಿಗೆ ಪೇಪರ್ ಹೋಗೂದು ಈ ಅಂಗಡಿಯಿಂದ್ಲೇ. ಸಂಜೆ ಅಲ್ಲಿ ನಮ್ಮ ಸಭೆ. ಸಾಹುಕಾರ್ರ ಹತ್ರ ಸಾಲ ಮಾಡಬೇಡಿ, ಮಾಡಿದ್ರೆ ಕೂಲಿ ಹೆಚ್ಚು ಮಾಡಿ ಅಂತ ಕೇಳೂಕೆ ಬಾಯಿ ಬರೂದಿಲ್ಲ ಅಂತ ಹೇಳ್ತಾ ಬಂದವ ನಾನು. ಇದನ್ನ ಓದಿದ್ರೆ ನನ್ನ ಮಾತು ಯಾರು ಕೇಳ್ತಾರೆ?”

ಇಷ್ಟೊಂದು ಪತ್ರಿಕೆಗೆ ದುಡ್ಡು ಎಲ್ಲಿತ್ತು ಎಂದು ಕೇಳಿದೆ. ಅವರು ಹೊಳೆಯ ಕಡೆ ನೋಡಿದರು.

“ಎಂತ ಮಾಡೂದು? ಗಡಿಬಿಡಿಯಲ್ಲಿ ಕಂಡ ಪರಿಚಯದವರು ಅವರೊಬ್ಬರೇ. ಕೈಗಡ ತಕಂಡೆ.”

ಅವರು ಗದ್ದ ಎತ್ತಿ ತೋರಿಸಿದ ಕಡೆ, ತೆಂಗಿನ ನೆರಳಿನಲ್ಲಿ, ಅವರದೇ ಗಿರಣಿಯ ಸಾಹುಕಾರರು ಲಾಂಚಿಗೆ ಕಾಯುತ್ತ ಕುಳಿತಿದ್ದರು. ಕುಮಟೆಯಿಂದ ತಂದಿದ್ದಿರಬೇಕು, ಅವರ ಕೈಯಲ್ಲೂ ಅದೇ ಪತ್ರಿಕೆ. ಅದೇ ಒಳಪುಟವನ್ನು ಬಿಡಿಸಿಕೊಂಡು, ಯಾವ ಅವಸರವೂ ಇಲ್ಲದೆ ಓದುತ್ತಿದ್ದರು.