ಸುಣ್ಣದ ಗೆರೆಯೊಳಗೆ ಜಿಪ್ಪಕ್ಕ

ಮೊದಲ ನಾಲ್ಕು ದಿನ ನಾನು ಅವಳನ್ನು ದೊಡ್ಡ ಹೋರಾಟಗಾರ್ತಿ ಎಂದೇ ತಿಳಿದಿದ್ದೆ. ಉದ್ಯಾನದ ಒಣ ಕಾರಂಜಿಯ ಪಕ್ಕದಲ್ಲಿ ಸುಣ್ಣದ ಪುಡಿಯಿಂದ ಎಳೆದ ಒಂದು ಚೌಕ. ಚೌಕದೊಳಗೆ ಮೈಕು, ಹಿಂದೆ ‘ಯಾರು ಬೇಕಾದರೂ ಬನ್ನಿ, ಏನು ಬೇಕಾದರೂ ಮಾತಾಡಿ’ ಎಂಬ ಬ್ಯಾನರು, ಬ್ಯಾನರಿನ ಕಂಬಕ್ಕೆ ಒರಗಿದಂತೆ ಸ್ಟೂಲಿನ ಮೇಲೆ ಈಕೆ. ಭಾಷಣಕಾರರು ಬರುತ್ತಿದ್ದರು, ಹೋಗುತ್ತಿದ್ದರು. ಈಕೆ ಮಾತ್ರ ಕದಲುತ್ತಿರಲಿಲ್ಲ. ತುಟಿ ಬಿಗಿ, ದೃಷ್ಟಿ ದೂರದಲ್ಲೆಲ್ಲೋ ನೆಟ್ಟಿದೆ. “ನಾಳಿನ ಸಮಾಜವನ್ನು ನೋಡ್ತಿದ್ದಾರೆ” ಎಂದು ಜೊತೆಯಲ್ಲಿ ವಾಕಿಂಗ್ ಬರುವವರಿಗೆ ನಾನೇ ವಿವರಿಸಿದ್ದೆ. ಐದನೆಯ ದಿನ ಹತ್ತಿರ ಹೋಗಿ ಕೈಮುಗಿದು, “ನಿಮ್ಮಂಥವರು ಇರೋದರಿಂದಲೇ ನಾವೆಲ್ಲ ಬಾಯಿ ಬಿಡೋ ಹಾಗಾಗಿದೆ” ಎಂದೆ. ಆಕೆ ನನ್ನ ಮುಖ ನೋಡದೆ, “ಗೇಟಿನ ಹತ್ರ ನೀಲಿ ಟಾರ್ಪಾಲು ಮುಚ್ಚಿದೆ ನೋಡಿ ಸ್ವಾಮಿ, ಅದರ ಮೇಲೆ ಯಾರೋ ಕೂತ ಹಾಗಿದೆ. ಹೋಗ್ತಾ ಎಬ್ಬಿಸಿ ಹೋಗ್ತೀರಾ?” ಎಂದಳು.

ಟಾರ್ಪಾಲಿನ ಕೆಳಗಿದ್ದದ್ದು ಅವಳ ಹೊಲಿಗೆ ಮೆಷಿನ್ನು. ಆ ಗೇಟಿನ ಪಕ್ಕ ಅವಳು ಹನ್ನೊಂದು ವರ್ಷದಿಂದ ಬ್ಯಾಗಿಗೆ ಜಿಪ್ಪು ಕೂರಿಸುತ್ತಾಳೆ, ಪ್ಯಾಂಟಿನ ಸೊಂಟ ಸಡಿಲಿಸುತ್ತಾಳೆ, ಕೊಡೆಯ ಬಟ್ಟೆಯನ್ನು ಕಡ್ಡಿಗೆ ಬಿಗಿಯುತ್ತಾಳೆ. ಹೆಸರು ಏನೇ ಇರಲಿ, ಊರಿಗೆಲ್ಲ ಅವಳು ಜಿಪ್ಪಕ್ಕ.

ಜಿಪ್ಪಕ್ಕ ಭಾಷಣಕ್ಕೂ ಬಂದವಳಲ್ಲ, ಸಮಾಜ ತಿದ್ದುವುದಕ್ಕೂ ಬಂದವಳಲ್ಲ. ಅವಳು ಬಂದದ್ದು ಒಂದು ಸಹಿಯ ದೆಸೆಯಿಂದ. ಅವಳ ಮೈದುನ, ಅಂದರೆ ತೀರಿಕೊಂಡ ಗಂಡನ ತಮ್ಮ, ಮುಕ್ತ ಮಾತಿನ ವೇದಿಕೆಯ ಅಧ್ಯಕ್ಷ. ಮನೆಯ ಬಾಗಿಲಿಗೆ, ಸ್ಕೂಟರಿಗೆ, ಛತ್ರಿಯ ಹಿಡಿಗೆ ಕೂಡ ‘ಅಧ್ಯಕ್ಷರು’ ಎಂದು ಅಂಟಿಸಿಕೊಂಡಿರುವ ಮನುಷ್ಯ. ಉದ್ಯಾನದ ಕಚೇರಿ ಒಬ್ಬರ ಹೆಸರಿನಲ್ಲಿ ವರ್ಷಕ್ಕೆ ಎರಡೇ ಸಲ ಸಭೆಗೆ ಅನುಮತಿ ಕೊಡುತ್ತದೆ. ವೇದಿಕೆಯವರು ತಮ್ಮಲ್ಲಿದ್ದ ಅಷ್ಟೂ ಜನರ ಹೆಸರನ್ನು ಆರು ತಿಂಗಳಲ್ಲೇ ಖಾಲಿ ಮಾಡಿಕೊಂಡಿದ್ದರು. ಹೀಗಿರುವಾಗ ಒಂದು ಬೆಳಿಗ್ಗೆ ಮೈದುನ ಅವಳಿರುವ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತ.

“ಅತ್ತಿಗೆ, ಒಂದು ಸಹಿ. ಅಷ್ಟೇ.”

“ಏನಕ್ಕೆ?”

“ಸ್ವಾತಂತ್ರ್ಯಕ್ಕೆ.”

ಹಿಂದಿನ ಕೋಣೆ ಮೈದುನನದು. ಮಂಚ, ಫ್ಯಾನು, ಎರಡು ಹೊತ್ತಿನ ಊಟ ಎಲ್ಲವೂ ಮೈದುನನ ಮನೆಯವು. ಸ್ವಾತಂತ್ರ್ಯ ಕೇಳುತ್ತ ನಿಂತವನಿಗೆ ಆ ಬಾಗಿಲಲ್ಲಿ ಆಗಲ್ಲ ಎನ್ನುವ ಸ್ವಾತಂತ್ರ್ಯ ಅವಳಿಗಿರಲಿಲ್ಲ. ಸಹಿ ಹಾಕಿದಳು.

ಸಹಿಯ ಕೆಳಗಿನ ಸಣ್ಣ ಅಕ್ಷರಗಳನ್ನು ಮೊದಲ ದಿನ ಸುಣ್ಣ ಎಳೆಯುತ್ತಲೇ ಓದಿ ಹೇಳಿದವನು ಉದ್ಯಾನದ ಸೂಪರ್‌ವೈಜರು. ಹದಿನಾಲ್ಕು ದಿನ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಯಾರ ಹೆಸರಲ್ಲಿ ಅನುಮತಿಯಿದೆಯೋ ಅವರು ಗೆರೆಯೊಳಗೆ ಇರಲೇಬೇಕು. ಹೊರಗೆ ಹೋದರೆ ಹತ್ತು ನಿಮಿಷ. ಹನ್ನೊಂದಾದರೆ ಸಭೆ ರದ್ದು. ಆ ಹೆಸರಿನವರಿಗೆ ಒಂದು ವರ್ಷ ಉದ್ಯಾನದಲ್ಲಿ ಯಾವ ಪರವಾನಗಿಯೂ ಇಲ್ಲ.

“ಗೇಟಿನ ಜಾಗದ್ದೂ?” ಎಂದು ಕೇಳಿದಳು ಜಿಪ್ಪಕ್ಕ.

“ಯಾವ ಪರವಾನಗಿಯೂ ಅಂದ್ರೆ ಅದೂ ಬಂತಲ್ಲಮ್ಮ.”

ಆ ಗೇಟಿನ ಜಾಗಕ್ಕೂ ಒಂದು ನಿಯಮವಿತ್ತು. ಹದಿನೈದು ದಿನ ಒಂದೇ ಸಮನೆ ಕೆಲಸ ನಿಂತರೆ ಜಾಗ ಸರದಿಯಲ್ಲಿ ಮುಂದಿದ್ದವರಿಗೆ. ಹದಿನಾಲ್ಕು, ಹದಿನೈದು. ಬೆರಳು ಮಡಿಚಿ ನೋಡಿದಳು. ಒಂದು ಬೆರಳು ಉಳಿಯಿತು. ಆ ಒಂದು ಬೆರಳಿನ ಧೈರ್ಯದ ಮೇಲೆ ಸ್ಟೂಲು ಎಳೆದುಕೊಂಡು ಕೂತಳು.

ಕೂತ ಜಾಗದಿಂದ ಮೆಷಿನ್ನು ಕಾಣುತ್ತಿತ್ತು. ಅದೇ ಕಷ್ಟ. ಕಾಣದಿದ್ದರೆ ನಿದ್ದೆಯಾದರೂ ಹೊಡೆಯಬಹುದಿತ್ತು. ಗಿರಾಕಿಗಳು ಟಾರ್ಪಾಲು ಎತ್ತಿ ಇಣುಕಿ ನೋಡಿ ಹೋಗುತ್ತಿದ್ದರು. ಆಸ್ಪತ್ರೆಯ ನರ್ಸೊಬ್ಬಳು ಗೆರೆಯ ತನಕ ಬಂದು ಯೂನಿಫಾರ್ಮಿನ ಕಂಕುಳು ತೋರಿಸಿದಳು.

“ಜಿಪ್ಪಕ್ಕ, ಐದೇ ನಿಮಿಷದ ಕೆಲಸ. ಕೈಹೊಲಿಗೆ ಹಾಕಿ ಕೊಡು ಸಾಕು.”

ಜಿಪ್ಪಕ್ಕ ಸೂಜಿ ತೆಗೆದದ್ದೇ ತಡ, ಸೂಪರ್‌ವೈಜರು ಪ್ರತ್ಯಕ್ಷ. “ಗೆರೆಯೊಳಗೆ ಮಾತಾಡಬಹುದಮ್ಮ, ಎಷ್ಟು ಬೇಕಾದ್ರೂ. ಸೂಜಿ ಹಿಡಿಯೋ ಹಾಗಿಲ್ಲ. ಅದು ವ್ಯಾಪಾರ ಆಗುತ್ತೆ.”

“ಮಾತಾಡೋದಕ್ಕೆ ನನಗೇನಿದೆ ಹೇಳಪ್ಪ?”

“ಅದು ನಿಮ್ಮ ಸ್ವಾತಂತ್ರ್ಯ” ಎಂದು ಆತ ಹೊರಟುಹೋದ.

ಶೌಚಾಲಯ ಉದ್ಯಾನದ ಆ ತುದಿಗೆ. ಬರೀ ಹೋಗಿಬರುವುದಕ್ಕೇ ಎಂಟು ನಿಮಿಷ. ಹಾಗಾಗಿ ಜಿಪ್ಪಕ್ಕ ಬಿಸಿಲಲ್ಲಿ ಕೂತೂ ನೀರು ಮುಟ್ಟುತ್ತಿರಲಿಲ್ಲ. ನೀರಿಲ್ಲದೆ ಬಾಡಿದ ಆ ಮುಖವನ್ನೇ ನಾನು ತಪಸ್ಸಿನ ಕಳೆ ಎಂದುಕೊಂಡದ್ದು.

ಭಾಷಣಗಳ ವಿಷಯ ಹೇಳಬೇಕೆಂದರೆ, ಎಲ್ಲವೂ ಸಂಕೋಲೆಗಳ ಮೇಲೆ. ನಾಲಗೆಯ ಸಂಕೋಲೆ, ಮನಸ್ಸಿನ ಸಂಕೋಲೆ, ಒಬ್ಬ ದಂತವೈದ್ಯರಿಂದ ಮುಗುಳ್ನಗೆಯ ಸಂಕೋಲೆ. ಮೈದುನ ದಿನಕ್ಕೆ ಮೂರು ಸಲ ಎದ್ದು, “ನಮ್ಮನ್ನು ಯಾರೂ ಕಟ್ಟಿಹಾಕಲಾರರು!” ಎನ್ನುವನು, ಎಂದವನೇ ಗೆರೆ ದಾಟಿ ಕಾಫಿಗೆ ಹೋಗುವನು. ಜಿಪ್ಪಕ್ಕ ಗೇಟಿನ ಕಡೆ ನೋಡುವಳು.

ಗೇಟಿನಲ್ಲಿ ಅಷ್ಟು ಹೊತ್ತಿಗೆ ಸರದಿಯ ಮುಂದಿನವನು ಬಂದಿರುತ್ತಿದ್ದ. ಮೊಬೈಲು ಕವರು ಮಾರುವವನು; ಕೆಟ್ಟವನೇನಲ್ಲ. ಟೇಪು ಹಿಡಿದು ಜಾಗದ ಉದ್ದಗಲ ಅಳೆದುಕೊಂಡು, ಗೆರೆಯ ಹತ್ತಿರ ಬಂದು ವಿನಯದಿಂದಲೇ ಕೇಳುತ್ತಿದ್ದ. “ಇವತ್ತಿಗೆ ಎಷ್ಟಾಯ್ತಕ್ಕ?”

“ಒಂಬತ್ತು.”

“ತಪ್ಪು ತಿಳ್ಕೋಬೇಡಿ, ನಾನು ಸ್ಟ್ಯಾಂಡು ಮಾಡಿಸೋಕೆ ಕೊಟ್ಟಿದ್ದೀನಿ. ಅದಕ್ಕೆ ಕೇಳಿದೆ.”

“ಮಾಡಿಸು ಮಾಡಿಸು. ನಿನ್ನ ಮನೇಲಿ ಬಟ್ಟೆ ಒಣಗಿಸೋಕೆ ಆಗುತ್ತೆ.”

ಹದಿನಾಲ್ಕನೆಯ ದಿನ ಜಿಪ್ಪಕ್ಕನ ಮುಖ ಸ್ವಲ್ಪ ತಿಳಿಯಾಗಿತ್ತು. ಸಂಜೆ ಐದೂವರೆಗೆ ಮೈದುನ ಮೈಕು ಹಿಡಿದ. ಎಂದಿಗಿಂತ ಜನ ಜಾಸ್ತಿ. ಜನ ಕಂಡರೆ ಅವನಿಗೆ ಮೈಮೇಲೆ ಎಚ್ಚರವಿರುವುದಿಲ್ಲ. “ಬಂಧುಗಳೇ, ನಿಮ್ಮ ಪ್ರೀತಿಗೆ ಮಣಿದು ಈ ಸಭೆಯನ್ನು ಇನ್ನೂ ಹದಿನೈದು ದಿನ ಮುಂದುವರಿಸುತ್ತಿದ್ದೇವೆ!” ಎಂದುಬಿಟ್ಟ. ಚಪ್ಪಾಳೆಯ ನಡುವೆಯೇ ಫಾರಮ್ಮು, ಪೆನ್ನು ಜಿಪ್ಪಕ್ಕನ ತೊಡೆಯ ಮೇಲೆ ಬಂದು ಬಿದ್ದವು.

“ಬೇಗ ಅತ್ತಿಗೆ. ಆರು ಗಂಟೆಯೊಳಗೆ ಕೊಡಬೇಕಂತೆ.”

“ನಾಳೆ ನಾನು ಗೇಟಿಗೆ ಹೋಗದಿದ್ರೆ ಜಾಗ ಹೋಗುತ್ತಪ್ಪ.”

“ಒಂದು ಮೊಳ ಜಾಗದ ಬಗ್ಗೆ ಯೋಚಿಸ್ತೀರಲ್ಲ! ನಾವಿಲ್ಲಿ ಇಡೀ ಮನುಕುಲದ ಬಗ್ಗೆ...” ಎಂದವನು ದನಿ ತಗ್ಗಿಸಿ, “ಮನೇಲಿ ಇಷ್ಟು ವರ್ಷ ನಿಮಗೇನಾದರೂ ಕಡಿಮೆ ಮಾಡಿದ್ದೀನಾ?” ಎಂದ.

ಕಡಿಮೆ ಮಾಡಿರಲಿಲ್ಲ. ಅದೇ ತೊಡಕಾದದ್ದು. ಸಹಿ ಹಾಕಿದರೆ ಮೆಷಿನ್ನು ಹೋಗುತ್ತದೆ. ಎದ್ದು ಹೋಗಿಬಿಡೋಣವೆಂದರೆ ಹನ್ನೊಂದನೆಯ ನಿಮಿಷಕ್ಕೂ ಮೆಷಿನ್ನೇ ಹೋಗುತ್ತದೆ. ಹಾಕದಿದ್ದರೆ ಹಿಂದಿನ ಕೋಣೆ. ಜಿಪ್ಪಕ್ಕ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು. ಆಮೇಲೆ ಫಾರಮ್ಮನ್ನು ಸ್ಟೂಲಿನ ಮೇಲಿಟ್ಟು ನಾಲ್ಕು ಹೆಜ್ಜೆ ನಡೆದು ಮೈಕಿನ ಮುಂದೆ ನಿಂತಳು. ಹದಿನಾಲ್ಕು ದಿನದಲ್ಲಿ ಆಕೆಯನ್ನು ಯಾರೂ ಅಲ್ಲಿಗೆ ಕರೆದಿರಲಿಲ್ಲ.

“ನಾನು ಸಹಿ ಹಾಕಲ್ಲ. ನಾಳೆ ನನ್ನ ಮೆಷಿನ್ನು ತಿರುಗಬೇಕು. ಎಲ್ಲರೂ ಮನೆಗೆ ಹೋಗಿ.”

ಮರುಕ್ಷಣ ಉದ್ಯಾನದ ಕಾಗೆಗಳೆಲ್ಲ ಹಾರುವಂಥ ಚಪ್ಪಾಳೆ. ವೇದಿಕೆಯ ಕವಿಯೊಬ್ಬರು ಕಣ್ಣೊರೆಸಿಕೊಂಡು ಎದ್ದುನಿಂತರು. “ಮೆಷಿನ್ನು! ಎಂಥ ರೂಪಕ! ನಮ್ಮನ್ನೆಲ್ಲ ಅರೆಯುತ್ತಿರುವ ಈ ವ್ಯವಸ್ಥೆ...”

“ಹೊಲಿಗೆ ಮೆಷಿನ್ನು ಸ್ವಾಮಿ” ಎಂದಳು ಜಿಪ್ಪಕ್ಕ. “ಅಲ್ಲಿದೆ ನೋಡಿ, ನೀಲಿ ಟಾರ್ಪಾಲು.”

ಅದಕ್ಕೂ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವುದರೊಳಗೆ ಆರು ಹೊಡೆಯಿತು. ಸೂಪರ್‌ವೈಜರು ಸೀಟಿ ಊದಿ, ಪೊರಕೆ ತಂದು ಸುಣ್ಣದ ಗೆರೆ ಗುಡಿಸತೊಡಗಿದ.

ಮರುದಿನ ಒಂಬತ್ತಕ್ಕೆ ಮೆಷಿನ್ನು ತಿರುಗಿತು. ಕವರಿನವನು ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತು ಬಂದವನು ಹಾಗೇ ವಾಪಸು ಹೋದ. ಮನೆಯಲ್ಲಿ ಮಾತ್ರ ಮುಕ್ತ ಮಾತಿನ ವೇದಿಕೆಯ ಅಧ್ಯಕ್ಷರು ಮಾತು ಬಿಟ್ಟಿದ್ದಾರೆ. ಹೇಳಬೇಕಾದ್ದನ್ನು ಹೆಂಡತಿಯ ಕೈಲಿ ಹೇಳಿಸುತ್ತಾರೆ. ಆ ಹೆಂಗಸು ತಲೆ ತಗ್ಗಿಸಿ ಬಂದು, “ಅಕ್ಕ, ವೇದಿಕೆಯ ಕುರ್ಚಿಗಳನ್ನ ನಿಮ್ಮ ಕೋಣೇಲಿ ಇಡಬೇಕಂತೆ” ಎಂದಳು. ಇಪ್ಪತ್ತು ಕುರ್ಚಿ ಬಂದವು. ಮರುವಾರ ಬ್ಯಾನರು, ಕಂಬ, ಮೈಕಿನ ಪೆಟ್ಟಿಗೆ. ಮಂಚದಿಂದ ಬಾಗಿಲಿಗೆ ಈಗ ಅಡ್ಡಡ್ಡ ನಡೆಯಬೇಕು. ಹೋಗು ಎಂದು ಯಾರೂ ಅಂದಿಲ್ಲ. ಸಾಮಾನು ಮಾತ್ರ ದಿನಾ ಬರುತ್ತಿದೆ.

ಇದನ್ನೆಲ್ಲ ನಾನು ತಿಳಿದದ್ದು ಬ್ಯಾಗಿನ ಜಿಪ್ಪು ಹಾಕಿಸುವ ನೆಪದಲ್ಲಿ ಎದುರಿಗೆ ಕೂತು. ಎಲ್ಲ ಕೇಳಿಯಾದ ಮೇಲೂ ನನ್ನ ಹಳೆಯ ಚಟ ಬಿಡಲಿಲ್ಲ. ಕೊರಳು ಸರಿಮಾಡಿಕೊಂಡು ಕೇಳಿಯೇಬಿಟ್ಟೆ. “ಅಷ್ಟು ಜನರ ಮುಂದೆ ಮೈಕು ಹಿಡಿದು ನಿಂತ್ರಲ್ಲ, ಆ ಗಳಿಗೇಲಿ ನಿಮಗೆ ಏನನ್ನಿಸ್ತು?”

ಜಿಪ್ಪಕ್ಕ ಹಲ್ಲಿನಲ್ಲಿ ದಾರ ಕಡಿದಳು.

“ರಾತ್ರಿ ಎಲ್ಲಿ ಮಲಗೋದು ಅನ್ನಿಸ್ತು.”